ಗಾಜಿನ ಈಚೆ ನಿಂತವರು

ಮಂಗಳವಾರ

ಮುಂಬೈಯ ಮಾಲೊಂದರಲ್ಲಿರುವ ಮಕ್ಕಳ ಆಟದ ಊರು ಕಿಡ್ಜೇನಿಯಾ ನೋಡಬೇಕೆನ್ನುವ ಕರ್ನಾಟಕದವರಿಗೆ ದಸರಾ ರಜೆಗಿಂತ ಒಳ್ಳೆಯ ಹೊತ್ತು ಸಿಗದು. ಮಹಾರಾಷ್ಟ್ರದ ಶಾಲೆಗಳಿಗೆ ಉದ್ದನೆಯ ರಜೆ ಬರುವುದು ದೀಪಾವಳಿಗೆ. ನಮ್ಮ ಮಕ್ಕಳು ಬೊಂಬೆ ಆರತಿಗೆಂದು ಮನೆಮನೆ ಸುತ್ತುವ ದಿನಗಳಲ್ಲಿ ಅಲ್ಲಿಯ ಮಕ್ಕಳು ತರಗತಿಯಲ್ಲಿ ಕೂತಿರುತ್ತಾರೆ. ಈ ಲೆಕ್ಕ ಹೇಳಿಕೊಟ್ಟಿದ್ದು ಮುಲುಂಡಿನಲ್ಲಿರುವ ನನ್ನ ಚಿಕ್ಕಮ್ಮ. "ಬರೋದಾದ್ರೆ ವಾರದ ನಡುವೆ ಬಾ. ಶನಿವಾರ, ಭಾನುವಾರ ಆ ಮಾಲ್ ಕಡೆ ತಲೆ ಹಾಕಬೇಡ," ಎಂದು ಫೋನಿನಲ್ಲೇ ಎಚ್ಚರಿಸಿದ್ದಳು.

ಹಾಗಾಗಿ ಮಂಗಳವಾರ ರಾತ್ರಿ ಬೆಂಗಳೂರಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆವು. ನಾನು, ಹತ್ತು ವರ್ಷದ ಮಗಳು, ಆರು ವರ್ಷದ ಅಣ್ಣನ ಮಗ, ಜೊತೆಗೆ ಇವರಿಬ್ಬರ ಅಜ್ಜಿ, ಅಂದರೆ ನನ್ನಮ್ಮ. ಅಮ್ಮ ಮೈಸೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಮಗಳು ಸದ್ಯಕ್ಕೆ ಜಡ್ಜ್ ಆಗುವವಳು. ಅಣ್ಣನ ಮಗನ ಉದ್ಯೋಗ ದಿನಕ್ಕೊಂದು ಬದಲಾಗುತ್ತದೆ; ರೈಲು ಹತ್ತುವ ಹೊತ್ತಿಗೆ ಜೆಸಿಬಿ ಡ್ರೈವರ್ ಆಗಿದ್ದ.

ಹಾಸಿಗೆ ಬಿಡಿಸುವ ಮೊದಲು ಅಮ್ಮ ವಿಚಾರಣೆ ಶುರು ಮಾಡಿದರು.

"ಅಲ್ಲಿ ಮಕ್ಕಳು ಏನು ಮಾಡ್ತಾರೆ?"

"ಕೆಲಸ ಮಾಡ್ತಾರೆ."

"ಮತ್ತೆ ದುಡ್ಡು?"

"ಟಿಕೆಟ್ಟಿಗೆ ನಾವು ಕೊಡ್ತೀವಿ."

"ಕೆಲಸ ಮಾಡೋದೂ ನಮ್ಮ ಮಕ್ಕಳೇ, ದುಡ್ಡು ಕೊಡೋದೂ ನಾವೇನಾ?"

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮಗಳು ನಡುವೆ ಬಾಯಿ ಹಾಕಿ, ಹದಿನಾಲ್ಕು ವರ್ಷದೊಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ ಎಂದು ಪಾಠದಲ್ಲಿದೆಯಲ್ಲ ಎಂದಳು. ಜಡ್ಜ್ ಆಗುವವಳು ಕೇಳಬೇಕಾದ ಪ್ರಶ್ನೆಯೇ.

ಆಟದ ಕೆಲಸ ಎಂದು ಬಿಡಿಸಿ ಹೇಳಿದೆ. ಮಕ್ಕಳ ಅಳತೆಗೆ ಕಟ್ಟಿದ ಒಂದು ಊರು, ಅದಕ್ಕೊಂದು ವಿಮಾನ ನಿಲ್ದಾಣ, ಬ್ಯಾಂಕು, ಆಸ್ಪತ್ರೆ, ಅಗ್ನಿಶಾಮಕ ಠಾಣೆ. ಮಕ್ಕಳು ಒಳಗೆ ಹೋಗಿ ಸಮವಸ್ತ್ರ ಹಾಕಿಕೊಂಡು ದುಡಿಯುತ್ತಾರೆ, ಆ ಊರಿನದೇ ನೋಟಿನಲ್ಲಿ ಸಂಬಳ ಪಡೆಯುತ್ತಾರೆ, ಖರ್ಚು ಮಾಡುತ್ತಾರೆ. ಇದು ಮೊದಲು ಶುರುವಾದದ್ದು 1999ರಲ್ಲಿ, ಮೆಕ್ಸಿಕೋ ಸಿಟಿಯ ಸಾಂತಾ ಫೆ ಬಡಾವಣೆಯ ಮಾಲೊಂದರಲ್ಲಿ. ಸ್ಥಾಪಕರಲ್ಲೊಬ್ಬರು ಹಾವಿಯೆರ್ ಲೋಪೆಸ್. ಆಗ ಅದರ ಹೆಸರು ಸ್ಪ್ಯಾನಿಷಿನಲ್ಲಿ 'ಮಕ್ಕಳ ನಗರ' ಎಂದಷ್ಟೇ ಇತ್ತು. ಮೆಕ್ಸಿಕೋದಿಂದ ಹೊರಗೆ ಕಾಲಿಟ್ಟಿದ್ದು 2006ರಲ್ಲಿ, ಟೋಕಿಯೋಕ್ಕೆ. ಮುಂಬೈಗೆ ಬಂದದ್ದು 2013ರಲ್ಲಿ. ಶಾರುಖ್ ಖಾನ್ ಕೂಡ ಅದರಲ್ಲಿ ಪಾಲು ತೆಗೆದುಕೊಂಡಿದ್ದರಿಂದ ಆಗ ಪತ್ರಿಕೆಗಳಲ್ಲಿ ಸುದ್ದಿಯೂ ಆಗಿತ್ತು. ಆಮೇಲೆ ದೆಹಲಿಯ ಪಕ್ಕದ ನೋಯ್ಡಾದಲ್ಲೂ ತೆರೆಯಿತು.

ಅಮ್ಮನ ಕಿವಿಗೆ ಬಿದ್ದದ್ದು ಒಂದೇ. "ಆಸ್ಪತ್ರೆ ಇದೆ ಅಂದ್ಯಲ್ಲ, ನರ್ಸ್ ಇದ್ದಾರಾ?"

ಬುಧವಾರ

ರೈಲಿನ ಹಗಲಿನ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಬೆಳಿಗ್ಗೆ ಕಲಬುರಗಿಯಲ್ಲಿ ಚಹಾ, ಆಮೇಲೆ ಸೊಲ್ಲಾಪುರ, ಮಧ್ಯಾಹ್ನದ ನಿದ್ದೆ, ಪುಣೆ. ಲೋಣಾವಳ ದಾಟಿ ಘಾಟಿ ಇಳಿಯುವಾಗ ಮಾತ್ರ ಮಕ್ಕಳು ಕಿಟಕಿ ಬಿಟ್ಟು ಕದಲಲಿಲ್ಲ. ಮಳೆಗಾಲ ಆಗಷ್ಟೇ ಮುಗಿದಿತ್ತು, ಬೆಟ್ಟವೆಲ್ಲ ಇನ್ನೂ ಹಸಿರು. ಸುರಂಗ ಬಂದಾಗಲೆಲ್ಲ ಇಡೀ ಬೋಗಿಯ ಮಕ್ಕಳು ಕೂಗುತ್ತಿದ್ದರು. ಭಾಷೆ ಬೇರೆಬೇರೆ, ಕೂಗು ಒಂದೇ.

ಮುಂಬೈಯ ಪೂರ್ವದ ಉಪನಗರಗಳಿಗೆ ಹೋಗುವವರು ಕೊನೆಯ ನಿಲ್ದಾಣವಾದ ಸಿಎಸ್‌ಎಂಟಿವರೆಗೆ ಹೋಗಿ ವಾಪಸ್ ಬರಬೇಕಿಲ್ಲ. ನಾವು ಕಲ್ಯಾಣದಲ್ಲೇ ಇಳಿದು ಲೋಕಲ್ ಹಿಡಿದೆವು. ಸಂಜೆ ಆಫೀಸು ಬಿಟ್ಟ ಜನವೆಲ್ಲ ಮುಂಬೈಯಿಂದ ಕಲ್ಯಾಣದ ಕಡೆ ಬರುವವರು. ಎದುರು ದಿಕ್ಕಿನ ಗಾಡಿಯಲ್ಲಿ ಪೆಟ್ಟಿಗೆ ಇಟ್ಟುಕೊಂಡು ಕೂರಲು ಜಾಗ ಸಿಗುತ್ತದೆ. ಪಕ್ಕದ ಹಳಿಯಲ್ಲಿ ಬಾಗಿಲಿಗೆ ಜೋತುಬಿದ್ದು ಬರುತ್ತಿದ್ದ ಜನರನ್ನು ನೋಡಿ ಅಣ್ಣನ ಮಗ, "ಅತ್ತೆ, ಅವರದು ಏನು ಕೆಲಸ?" ಎಂದ. "ಅವರೆಲ್ಲ ಕೆಲಸ ಮುಗಿಸಿ ಮನೆಗೆ ಹೋಗ್ತಿದ್ದಾರೆ ಪುಟ್ಟ," ಎಂದೆ. ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ. ಜೋತುಬೀಳುವುದೇ ಒಂದು ಉದ್ಯೋಗವಿರಬಹುದು ಎಂದುಕೊಂಡಿದ್ದನೋ ಏನೋ.

ಗುರುವಾರ

ಮುಲುಂಡಿನಿಂದ ಎಲ್‌ಬಿಎಸ್ ರಸ್ತೆ ನೇರವಾಗಿ ಘಾಟ್ಕೋಪರಿಗೆ ಬರುತ್ತದೆ. ಆಟೋದಲ್ಲಿ ಕೂತರೆ ಭಾಂಡುಪ್, ಕಾಂಜೂರ್, ವಿಕ್ರೋಳಿ ದಾಟಿ ಆರ್ ಸಿಟಿ ಮಾಲ್ ಮುಂದೆ ಇಳಿಯಬಹುದು. ಪಶ್ಚಿಮದ ಕಡೆಯಿಂದ ಬರುವವರಿಗೆ ವರ್ಸೋವಾ–ಘಾಟ್ಕೋಪರ್ ಮೆಟ್ರೋ ಇದೆ.

ಮಾಲಿನೊಳಗೆ ಕಿಡ್ಜೇನಿಯಾದ ಬಾಗಿಲೆಂದರೆ ವಿಮಾನ ನಿಲ್ದಾಣದ ಕೌಂಟರು. ಟಿಕೆಟ್ ಕೊಡುವುದು ಬೋರ್ಡಿಂಗ್ ಪಾಸಿನ ರೂಪದಲ್ಲಿ. ಅಲ್ಲಿಯೇ ಎಲ್ಲರ ಕೈಗೂ ಒಂದು ಪಟ್ಟಿ ಕಟ್ಟುತ್ತಾರೆ. ಅದರೊಳಗೆ ಚಿಪ್ ಇದೆ. ಮಗುವಿನ ಪಟ್ಟಿಗೂ ಕರೆತಂದ ದೊಡ್ಡವರ ಪಟ್ಟಿಗೂ ನಂಟಿರುವುದರಿಂದ ಮಗು ಒಂಟಿಯಾಗಿಯೋ ಬೇರೆಯವರ ಜೊತೆಯೋ ಹೊರಗೆ ಹೋಗುವಂತಿಲ್ಲ. ಚಿಕ್ಕವರನ್ನು ಬಿಟ್ಟು ದೊಡ್ಡವರು ಹೊರಡುವಂತಿಲ್ಲ. ಸ್ವಲ್ಪ ದೊಡ್ಡ ಮಕ್ಕಳಾದರೆ ಒಳಗೆ ಬಿಟ್ಟು ಮಾಲ್ ಸುತ್ತಲು ಹೋಗುವ ತಂದೆತಾಯಿಗಳೂ ಇದ್ದಾರೆ. ಮಕ್ಕಳ ಕೈಗೆ ಒಂದು ನಕ್ಷೆ, ಜೊತೆಗೆ ಐವತ್ತು ಕಿಡ್ಜೋಗಳ ಚೆಕ್. ಕಿಡ್ಜೋ ಎಂದರೆ ಆ ಊರಿನ ಹಣ.

ಒಳಗೆ ಕಾಲಿಟ್ಟರೆ ಸಂಜೆ. ಹೊರಗೆ ಅಕ್ಟೋಬರಿನ ಬಿಸಿಲು ಸುಡುತ್ತಿದ್ದರೂ ಅಲ್ಲಿ ಬೀದಿದೀಪ ಹತ್ತಿಕೊಂಡೇ ಇರುತ್ತದೆ, ಚಾವಣಿಯಲ್ಲಿ ಮುಸ್ಸಂಜೆಯ ಆಕಾಶ. ರಸ್ತೆ, ಚೌಕ, ಮಹಡಿ ಕಟ್ಟಡಗಳು, ಎಲ್ಲವೂ ನಿಜವಾದವುಗಳ ಮೂರನೇ ಎರಡರಷ್ಟು. ಮಕ್ಕಳಿಗೆ ಸರಿಯಾಗಿದೆ. ನಮಗೆ ಮಾತ್ರ ನಾವೇ ದಿಢೀರನೆ ಬೆಳೆದುಬಿಟ್ಟ ಹಾಗೆ ಅನಿಸುತ್ತದೆ. ಅಲ್ಲಿಯ ಸಿಬ್ಬಂದಿಗೆ ಜೂಪರ್‌ವೈಸರ್ ಎಂದು ಹೆಸರು. ಅವರು ನಮಸ್ಕಾರದ ಬದಲು 'ಕಾಯ್' ಎನ್ನುತ್ತಾರೆ. ದೊಡ್ಡವರ ಲೋಕ ಹದಗೆಟ್ಟಿತೆಂದು ಬೇಸತ್ತ ಮಕ್ಕಳು ಸ್ವತಂತ್ರ ದೇಶವನ್ನೇ ಕಟ್ಟಿಕೊಂಡರು ಎಂಬುದು ಈ ಊರಿನ ಸ್ಥಳಪುರಾಣ. ಇರುವ, ತಿಳಿಯುವ, ಕಾಳಜಿ ಮಾಡುವ, ಆಡುವ, ಹಂಚಿಕೊಳ್ಳುವ, ಸೃಷ್ಟಿಸುವ ಹಕ್ಕು ಎಂದು ಆರು ಹಕ್ಕುಗಳನ್ನು ಘೋಷಿಸಿಕೊಂಡಿದ್ದಾರಂತೆ. ಮಗಳಿಗೆ ಇದು ಬಹಳ ಹಿಡಿಸಿತು. ಅಣ್ಣನ ಮಗ ಆಗಲೇ ಸೈರನ್ ಕೇಳಿದ ಕಡೆ ಓಡಿಯಾಗಿತ್ತು.

ಮೊದಲು ಬ್ಯಾಂಕಿಗೆ ಹೋಗಬೇಕು. ಚೆಕ್ ಕೊಟ್ಟು ನಗದು ಮಾಡಿಸಿಕೊಳ್ಳಬೇಕು, ಬೇಕಾದರೆ ಖಾತೆ ತೆರೆದು ಉಳಿಸಬಹುದು. ಕೌಂಟರು ಅವನ ಎದೆಯ ಎತ್ತರಕ್ಕಿತ್ತು. ನೋಟು ಕೈಗೆ ಬಂದದ್ದೇ ಎರಡು ಬಾರಿ ಎಣಿಸಿದ. ಅವರಪ್ಪ ಎಟಿಎಂ ಮುಂದೆ ನಿಂತು ಹಾಗೆಯೇ ಎಣಿಸುತ್ತಾನೆ. ಎಣಿಸುವ ಮುನ್ನ ಬೆರಳು ನಾಲಿಗೆಗೆ ತಾಗಿಸುವುದನ್ನೂ ಬಿಟ್ಟಿರಲಿಲ್ಲ.

ಇಲ್ಲಿಯ ಕಾನೂನು ಸರಳ. ಪ್ರತಿ ಅಂಗಡಿಯ ಮುಂದೆಯೂ ಬೆಂಚು, ಹೊರಗೆ ಒಂದು ಫಲಕ. ಯಾವ ವಯಸ್ಸಿನವರಿಗೆ, ಎಷ್ಟು ಮಂದಿಗೆ, ಎಷ್ಟು ನಿಮಿಷ, ದುಡ್ಡು ಬರುತ್ತದೋ ಹೋಗುತ್ತದೋ ಎಲ್ಲ ಅದರಲ್ಲಿದೆ. ದುಡಿಮೆಗೆ ಸಂಬಳ; ಸಲೂನು, ನೃತ್ಯ, ಗೋಡೆ ಹತ್ತುವಂಥ ಮೋಜಿಗೆ ನಾವೇ ತೆರಬೇಕು. ಮಗು ತಾನೇ ಬೆಂಚಿನ ಮೇಲೆ ಕೂರಬೇಕು, ಅವನ ಬದಲು ನಾನು ಕೂರುತ್ತೇನೆ ಎಂದರೆ ನಡೆಯದು. ದೊಡ್ಡವರಿಗೆ ಒಳಗೆ ಪ್ರವೇಶವೇ ಇಲ್ಲ. ಗಾಜಿನ ಈಚೆ ನಿಂತು ನೋಡಬಹುದು, ಫೋಟೋ ತೆಗೆಯಬಹುದು, ಅಷ್ಟೇ.

ಬೆಳಿಗ್ಗೆ ಬಸ್ಸುಗಳಲ್ಲಿ ಬಂದ ಶಾಲಾ ಮಕ್ಕಳ ಗುಂಪುಗಳು ಅಗ್ನಿಶಾಮಕ ಠಾಣೆ ಮತ್ತು ವಿಮಾನದ ಮುಂದೆ ಸಾಲುಗಟ್ಟಿದ್ದವು. ಅಂಥ ಹೊತ್ತಿನಲ್ಲಿ ಹೆಸರಿಲ್ಲದ ಕೆಲಸಗಳ ಕಡೆ ಹೋಗುವುದು ಜಾಣತನ. ಕೊರಿಯರ್ ಕಚೇರಿಯ ಬೆಂಚು ಖಾಲಿ ಇತ್ತು. ಅಣ್ಣನ ಮಗ ಹೋಗಿ ಕೂತ.

ಕೊರಿಯರಿನವರ ಕೆಲಸವೇನೆಂದರೆ ಒಂದು ಅಂಗಡಿಯಿಂದ ಪೊಟ್ಟಣ ತೆಗೆದುಕೊಂಡು ಇನ್ನೊಂದಕ್ಕೆ ಮುಟ್ಟಿಸಿ ಸಹಿ ಹಾಕಿಸಿಕೊಂಡು ಬರುವುದು. ಸಿಬ್ಬಂದಿಯ ಮಾತೆಲ್ಲ ಹಿಂದಿ, ಇಲ್ಲವೇ ಇಂಗ್ಲಿಷು. ಇವನಿಗೆ ಎರಡೂ ಅಷ್ಟಕ್ಕಷ್ಟೆ. ಗಾಜಿನಾಚೆ ಆ ಹುಡುಗಿ ನಕ್ಷೆಯ ಮೇಲೆ ಬೆರಳಿಟ್ಟು ವಿವರಿಸುವಾಗ ಇವನು ಗಂಭೀರವಾಗಿ ತಲೆಯಾಡಿಸುತ್ತಿದ್ದ. ಏನೂ ಅರ್ಥವಾಗಿಲ್ಲವೆಂದು ನನಗೆ ಖಾತ್ರಿಯಾಗಿ, ಅಳು ಶುರುವಾದರೆ ಹೇಗೆಂದು ಬಾಗಿಲ ಬಳಿಯೇ ನಿಂತೆ. ಅವನು ಟೋಪಿ ಸರಿಮಾಡಿಕೊಂಡು, ನನ್ನ ಮುಖವನ್ನೂ ನೋಡದೆ, ಪೊಟ್ಟಣ ಎದೆಗವಚಿಕೊಂಡು ಹೊರಟೇಬಿಟ್ಟ. ನಾನು ಹಿಂದೆ, ಅಮ್ಮ ನನ್ನ ಹಿಂದೆ. ಚೌಕ ದಾಟಿ, ಒಂದು ತಪ್ಪು ಅಂಗಡಿಗೆ ನುಗ್ಗಿ, ಹೊರಬಂದು, ಚಿಹ್ನೆಗೆ ಚಿಹ್ನೆ ತಾಳೆ ನೋಡಿ ಕಡೆಗೂ ಮುಟ್ಟಿಸಿದ. ವಾಪಸ್ ಬಂದು ಸಂಬಳ ತೆಗೆದುಕೊಂಡವನು ನೇರವಾಗಿ ಅದೇ ಬೆಂಚಿನ ಮೇಲೆ ಮತ್ತೆ ಕೂತ.

"ಬೇರೆ ಕೆಲಸ ನೋಡೋಣ ಬಾ ಪುಟ್ಟ, ಅಲ್ಲಿ ಪೈಲಟ್ ಇದೆ," ಎಂದೆ.

"ಇನ್ನೂ ತುಂಬಾ ಪಾರ್ಸೆಲ್ ಇದೆ ಅತ್ತೆ. ಯಾರು ಕೊಡ್ತಾರೆ?"

ನಾನು ಗಮನಿಸತೊಡಗಿದ್ದು ಆಮೇಲೆ. ಆಸ್ಪತ್ರೆಯ ಬೆಂಚಿನ ಸುತ್ತ ದೊಡ್ಡವರ ಗುಂಪು, ಮನೆಗೆ ಬಣ್ಣ ಬಳಿಯುವ ಕಡೆ ಮಕ್ಕಳಷ್ಟೇ. ತಾವು ದುಡ್ಡು ಕೊಟ್ಟು ಕರೆತಂದ ಮಗು ಸುಣ್ಣಬಣ್ಣದ ಕೆಲಸಕ್ಕೆ ಹೊರಟರೆ ತಂದೆತಾಯಿಗೆ ಏನೋ ಕಳೆದುಕೊಂಡಂತೆ. "ಅದೆಲ್ಲ ಆಮೇಲೆ, ಮೊದಲು ಸರ್ಜನ್," ಎಂದು ಒಬ್ಬ ತಂದೆ ಹಿಂದಿಯಲ್ಲಿ ಮಗನ ತೋಳು ಹಿಡಿದು ಎಳೆದೊಯ್ದರು. ಆ ಹುಡುಗ ಆಪರೇಷನ್ ಟೇಬಲ್ಲಿನ ಮೇಲಿನ ಬೊಂಬೆಯ ಹೊಟ್ಟೆಯೊಳಗೆ ಇಣುಕುತ್ತಿದ್ದಷ್ಟು ಹೊತ್ತೂ ತಂದೆ ಹೊರಗಿನಿಂದ ಗಾಜು ಬಡಿಯುತ್ತ, ಕ್ಯಾಮೆರಾ ಕಡೆ ನೋಡು ಎಂದು ಸನ್ನೆ ಮಾಡುತ್ತಿದ್ದರು. ಮುಗಿದದ್ದೇ ಹುಡುಗ ಬಿಳಿ ಕೋಟು ಬಿಚ್ಚಿಕೊಟ್ಟು ಬಣ್ಣದ ಬ್ರಷ್ಷಿನ ಕಡೆ ಓಡಿದ.

ಮಕ್ಕಳ ಲೆಕ್ಕವೇ ಬೇರೆ. ಸಮವಸ್ತ್ರಕ್ಕೆ ಟೋಪಿ ಇದೆಯೇ, ಓಡಾಟ ಇದೆಯೇ, ಶಬ್ದ ಬರುತ್ತದೆಯೇ, ಕೈಗೆ ಏನಾದರೂ ಅಂಟುತ್ತದೆಯೇ. ಇವು ನಾಲ್ಕೂ ಇದ್ದರೆ ಅದು ಮೇಲ್ದರ್ಜೆಯ ಉದ್ಯೋಗ. ಕುರ್ಚಿಯಲ್ಲಿ ಕೂರಿಸಿ ಹೇಳಿಕೊಡುವುದೆಲ್ಲ ಕೆಳದರ್ಜೆ. ಈ ಪಟ್ಟಿಯ ಪ್ರಕಾರ ನನ್ನ ಆಫೀಸಿನ ಕೆಲಸ ಎಲ್ಲಿ ಬೀಳುತ್ತದೆಂದು ಯೋಚಿಸಲು ಹೋಗಲಿಲ್ಲ.

ಆಸ್ಪತ್ರೆಯಲ್ಲಿ ಹಸುಗೂಸುಗಳ ಕೋಣೆಯೂ ಇತ್ತು. ಮಗಳು ಅಲ್ಲಿ ನರ್ಸ್ ಆದಳು, ಅಜ್ಜಿಯ ಒತ್ತಾಯಕ್ಕೆ. ಮಕ್ಕಳು ಸಾಲಾಗಿ ನಿಂತು ಬೊಂಬೆಗೆ ಸ್ನಾನ ಮಾಡಿಸಿ, ತೂಕ ನೋಡಿ, ಬಟ್ಟೆ ತೊಡಿಸುತ್ತಿದ್ದರು. ನನ್ನ ಮಗಳು ಬೊಂಬೆಯನ್ನು ಕಂಕುಳಿಗೆ ಸಿಕ್ಕಿಸಿ ಎತ್ತಿದ್ದೇ ತಡ, ಅಮ್ಮ ಗಾಜಿಗೆ ಅಂಟಿಕೊಂಡರು.

"ಕತ್ತು! ಕತ್ತು ಹಿಡ್ಕೊಳೇ! ಕತ್ತು ನಿಂತಿರಲ್ಲ ಅದಕ್ಕೆ!"

ಗಾಜಿನಾಚೆ ಏನೂ ಕೇಳಿಸದು. ಅಮ್ಮ ತಮ್ಮ ಹ್ಯಾಂಡ್‌ಬ್ಯಾಗನ್ನೇ ಮಗುವಿನಂತೆ ಮೊಣಕೈ ಮೇಲೆ ಮಲಗಿಸಿಕೊಂಡು, ಅಂಗೈಯಲ್ಲಿ ತಲೆಗೆ ಆಸರೆ ಕೊಟ್ಟು ತೋರಿಸಿದರು. ಒಳಗಿದ್ದ ಜೂಪರ್‌ವೈಸರ್ ಹುಡುಗಿ ಮೊದಲು ನಕ್ಕಳು, ಆಮೇಲೆ ಮಕ್ಕಳನ್ನು ಈ ಕಡೆ ತಿರುಗಿಸಿ ಅಮ್ಮನನ್ನೇ ತೋರಿಸಿದಳು. ಅಷ್ಟೂ ಮಕ್ಕಳು ಬೊಂಬೆಗಳನ್ನು ಮೊಣಕೈಗೆ ಬದಲಾಯಿಸಿಕೊಂಡರು. ನಿವೃತ್ತಿಯ ನಂತರ ಅಮ್ಮ ಇಷ್ಟು ಖುಷಿಯಾಗಿದ್ದು ನಾನು ಕಂಡಿರಲಿಲ್ಲ. ಹೊರಬಂದ ಮೊಮ್ಮಗಳ ಕೈಲಿದ್ದ ಸಂಬಳ ಎಣಿಸಿ, "ನೈಟ್ ಡ್ಯೂಟಿಗೆ ಜಾಸ್ತಿ ಕೊಡ್ತಾರಾ ಕೇಳು," ಎಂದರು. "ಇಲ್ಲಿ ಯಾವಾಗಲೂ ನೈಟೇ ಅಜ್ಜಿ," ಎಂದಳು ಮಗಳು ಚಾವಣಿ ತೋರಿಸಿ.

ಮಧ್ಯಾಹ್ನದ ಹೊತ್ತಿಗೆ ಶಾಲೆಯ ಗುಂಪುಗಳು ಊಟಕ್ಕೆ ಕೂತವು. ಅಗ್ನಿಶಾಮಕ ಠಾಣೆಯ ಸಾಲು ಕರಗುವುದು ಆಗಲೇ. ಹೆಲ್ಮೆಟ್ಟು, ದಪ್ಪ ಕೋಟು, ಒಂದಿಷ್ಟು ಕವಾಯತು, ಆಮೇಲೆ ಗಂಟೆ ಬಾರಿಸುತ್ತದೆ. ಪುಟ್ಟ ಕೆಂಪು ಗಾಡಿ ಮಕ್ಕಳನ್ನು ಹೊತ್ತು ಸೈರನ್ ಕೂಗುತ್ತ ಬೀದಿ ಸುತ್ತಿ, ಹೊಗೆಯೇಳುತ್ತಿರುವ ಹೋಟೆಲಿನ ಮುಂದೆ ನಿಲ್ಲುತ್ತದೆ. ಪೈಪಿನಲ್ಲಿ ಬರುವುದು ನಿಜವಾದ ನೀರು. ಕಿಡ್ಜೇನಿಯಾ ಯಾವ ದೇಶದಲ್ಲಿದ್ದರೂ ಜನ ಹೆಚ್ಚು ನೆನಪಿಟ್ಟುಕೊಳ್ಳುವುದು ಇದನ್ನೇ ಎನ್ನುತ್ತಾರೆ, ಆಶ್ಚರ್ಯವಿಲ್ಲ. ಅಣ್ಣನ ಮಗ ಬೆಂಕಿ ಆರಿದ ಮೇಲೂ ಪೈಪು ಬಿಡಲಿಲ್ಲ. ಆ ಹೋಟೆಲು ದಿನಕ್ಕೆ ಎಷ್ಟು ಸಲ ಹೊತ್ತಿಕೊಳ್ಳುತ್ತದೋ, ಅದಕ್ಕೆ ವಿಮೆ ಕೊಟ್ಟ ಕಂಪನಿಯ ಗತಿಯೇನೋ.

ಕಂಪನಿಗಳ ಮಾತು ಬಂತಲ್ಲ, ಇಷ್ಟು ಹೇಳಲೇಬೇಕು. ಈ ಊರಿನ ಅಂಗಡಿ, ಕಾರ್ಖಾನೆಗಳ ಮೇಲೆ ಕಾಣುವ ಬಹುತೇಕ ಫಲಕಗಳು ನಿಜವಾದ ಕಂಪನಿಗಳವು. ಅದು ಗುಟ್ಟೇನಲ್ಲ, ಮೆಕ್ಸಿಕೋದಲ್ಲಿ ಶುರುವಾದ ದಿನದಿಂದಲೂ ಇದರ ವ್ಯವಹಾರ ನಿಂತಿರುವುದೇ ಹಾಗೆ: ಮಳಿಗೆ ಕಟ್ಟುವ ಖರ್ಚಿನಲ್ಲಿ ಕಂಪನಿಗಳು ಪಾಲು ಕೊಡುತ್ತವೆ, ಪ್ರತಿಯಾಗಿ ತಮ್ಮ ಹೆಸರು ಹಾಕುತ್ತವೆ. ನಡೆಸುವವರ ಸಮರ್ಥನೆಯೆಂದರೆ ಮಕ್ಕಳಿಗೆ ಊರು ನಿಜದಂತೆ ಕಾಣಬೇಕಾದರೆ ಫಲಕವೂ ನಿಜದ್ದಿರಬೇಕು ಎಂದು. ಒಪ್ಪಬಹುದಾದ ಮಾತೇ. ಆದರೂ ಕಂಪನಿಯ ಹೆಸರು ಎದೆಯ ಮೇಲೆ ಹೊತ್ತು ಆರು ವರ್ಷದವನು ನಗುನಗುತ್ತ ನಿಂತಾಗ ಫೋಟೋ ತೆಗೆಯುತ್ತಿರುವ ನಾನು ಗಿರಾಕಿಯೋ, ಜಾಹೀರಾತಿನ ಛಾಯಾಗ್ರಾಹಕಳೋ ಎಂಬ ಅನುಮಾನ ಬರದಿರಲಿಲ್ಲ. ಜಾಹೀರಾತಿನಲ್ಲಿ ನಟಿಸಿದವರಿಗೆ ದುಡ್ಡು ಕೊಡುವುದು ಲೋಕರೂಢಿ. ಇಲ್ಲಿ ನಾವೇ ಕೊಟ್ಟು ಒಳಗೆ ಬಂದಿದ್ದೆವು. ಅಮ್ಮ ರೈಲಿನಲ್ಲಿ ಎತ್ತಿದ ಪ್ರಶ್ನೆಗೆ ಇನ್ನೂ ಉತ್ತರ ಹುಡುಕಬೇಕಿತ್ತು.

ದುಡ್ಡಿನ ವಿಷಯದಲ್ಲಿ ಇಬ್ಬರು ಮಕ್ಕಳ ಬುದ್ಧಿ ಚೆನ್ನಾಗಿ ಹೊರಬಿತ್ತು. ಮಗಳು ದುಡಿದದ್ದನ್ನು ದುಡಿದಂತೆ ಉಡಾಯಿಸಿದಳು. ಸಲೂನಿನಲ್ಲಿ ಕೂದಲಿಗೆ ಬಣ್ಣ, ನೃತ್ಯ, ಮತ್ತೆ ಕೈ ಬರಿದಾದಾಗ ರೇಡಿಯೋ ಕೇಂದ್ರದಲ್ಲಿ ಕೆಲಸ. ಅಲ್ಲಿ ಸುದ್ದಿ ಓದುವಾಗ ನಡುವೆ ಕನ್ನಡದಲ್ಲಿ ಒಂದು ವಾಕ್ಯ ತೂರಿಸಿದಳಂತೆ. ಏನೆಂದು ಕೇಳಿದರೆ ಹೇಳಲಿಲ್ಲ. ಅಣ್ಣನ ಮಗನದು ಇದಕ್ಕೆ ತದ್ವಿರುದ್ಧ. ಒಂದು ಕಿಡ್ಜೋ ಖರ್ಚು ಮಾಡಲಾರ. ನೋಟುಗಳನ್ನು ಚಡ್ಡಿಯ ಜೇಬಿಗೆ ತುರುಕಿ, ಮೇಲೆ ಕೈಯಿಟ್ಟುಕೊಂಡೇ ಓಡಾಡಿದ. ಬಣ್ಣ ಬಳಿಯುವಾಗಲೂ ಒಂದೇ ಕೈ. ಕಡೆಗೆ ಅಲ್ಲಿಯ ಡಿಪಾರ್ಟ್‌ಮೆಂಟ್ ಸ್ಟೋರಿಗೆ ಕರೆದೊಯ್ದೆ. ಕಿಡ್ಜೋ ಕೊಟ್ಟು ಸಾಮಾನು ಕೊಳ್ಳುವ ಅಂಗಡಿ ಅದು. ಇಡೀ ದಿನದ ಸಂಪಾದನೆಗೆ ಸಿಗುವುದು ಸಣ್ಣಪುಟ್ಟ ವಸ್ತು. ಕಣ್ಣಿಗೆ ಬಿದ್ದ ದೊಡ್ಡ ಆಟಿಕೆಗೆ ಇನ್ನೂ ಎಷ್ಟೋ ಸಲ ಬಂದು ದುಡಿಯಬೇಕು. ಅವನು ಬೆಲೆ ಚೀಟಿ ನೋಡಿ, ಜೇಬು ಮುಟ್ಟಿಕೊಂಡು, ಮತ್ತೆ ಬೆಲೆ ಚೀಟಿ ನೋಡಿದ. ಈ ಮುಖಭಾವ ನನಗೆ ಚೆನ್ನಾಗಿ ಪರಿಚಯ. ತಿಂಗಳ ಕೊನೆಯ ವಾರ ನಮ್ಮ ಮನೆಯ ಕನ್ನಡಿಯಲ್ಲಿ ಕಾಣುತ್ತದೆ. ಬ್ಯಾಂಕಿಗೆ ಹೋಗಿ ಒಂದೆರಡು ನೋಟು ಬಿಟ್ಟು ಉಳಿದದ್ದನ್ನೆಲ್ಲ ಖಾತೆಗೆ ಹಾಕಿಬಂದ.

ಆಟವಾಗಿ ಇದು ಪೂರ್ತಿ ಗೆದ್ದಿದೆ, ಅದರಲ್ಲಿ ಎರಡು ಮಾತಿಲ್ಲ. ಊರಾಗಿ ನೋಡಿದರೆ ಕೆಲವು ಸಂಗತಿಗಳು ಬಿಟ್ಟುಹೋಗಿವೆ. ಇಲ್ಲಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ, ಸಂಬಳ ತಡವಾಗುವುದಿಲ್ಲ, ಬಾಡಿಗೆ ಕಟ್ಟಬೇಕಿಲ್ಲ. ಇಪ್ಪತ್ತು ನಿಮಿಷಕ್ಕೊಂದು ಕೆಲಸ ಬದಲಾಯಿಸಿದರೂ ಹಿಂದಿನದನ್ನು ಯಾಕೆ ಬಿಟ್ಟೆ ಎಂದು ಯಾರೂ ಕೇಳುವುದಿಲ್ಲ. ಕೊನೆಯದು ನಮ್ಮ ಲೋಕಕ್ಕೂ ಬಂದರೆ ನನ್ನ ಅಭ್ಯಂತರವಿಲ್ಲ.

ಹೋಗುವವರಿಗೆ ಎರಡು ಮಾತು. ಮಕ್ಕಳಿಗೆ ಬೂಟು ಹಾಕಿಸಿ, ದಿನವಿಡೀ ಓಡಾಟ. ನೀವೂ ಹಗುರ ಚಪ್ಪಲಿ ಹಾಕಿಕೊಳ್ಳಿ, ಏಕೆಂದರೆ ನಿಮ್ಮದು ದಿನವಿಡೀ ನಿಲ್ಲುವ ಕೆಲಸ. ಗದ್ದಲ ಬಹಳ, ಶಬ್ದಕ್ಕೆ ಬೆಚ್ಚುವ ಮಗುವಾದರೆ ಮೊದಲು ಬ್ಯಾಂಕು, ಚಿತ್ರಕಲೆಯಂಥ ಕಡೆ ಕೂರಿಸಿ ಒಗ್ಗಿಸಿಕೊಳ್ಳಿ. ಯಾವುದಕ್ಕೆ ಮೊದಲು ಹೋಗಬೇಕೆಂದು ನೀವು ಪಟ್ಟಿ ಮಾಡಿಕೊಂಡು ಹೋದರೆ, ಒಳಗೆ ಹೋದ ಕೂಡಲೇ ಅದನ್ನು ಮಡಚಿ ಇಟ್ಟುಕೊಳ್ಳುವುದು ಒಳ್ಳೆಯದು.

ಶುಕ್ರವಾರ

ಈ ದಿನಕ್ಕೆ ಬೇರೆ ಯೋಜನೆ ಇತ್ತು, ಗೇಟ್‌ವೇ, ದೋಣಿ, ಹಾಗೆ. ಆದರೆ ರಾತ್ರಿ ಚಿಕ್ಕಮ್ಮ ಮೊಮ್ಮಗನ ಕೊರಿಯರ್ ಸಾಹಸವನ್ನೆಲ್ಲ ಕೇಳಿ, "ನಿಜವಾದ ಕೊರಿಯರ್ ನೋಡ್ತೀಯೇನೋ?" ಎಂದು ಅವನ ತಲೆಗೆ ಹುಳ ಬಿಟ್ಟಿದ್ದಳು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಚರ್ಚ್‌ಗೇಟ್ ನಿಲ್ದಾಣದ ಹೊರಗೆ ನಿಂತೆವು.

ಮನೆಯ ಊಟವನ್ನು ಆಫೀಸುಗಳಿಗೆ ಮುಟ್ಟಿಸುವ, ಬಿಳಿ ಟೋಪಿಯ ಡಬ್ಬಾವಾಲಾಗಳು ಲೋಕಲ್ಲಿನ ಲಗೇಜ್ ಡಬ್ಬಿಯಿಂದ ಇಳಿದು ಉದ್ದನೆಯ ಮರದ ತಟ್ಟೆಗಳನ್ನು ತಲೆಯ ಮೇಲೆ ಹೊತ್ತು ಬಂದರು. ಒಂದೊಂದು ತಟ್ಟೆಯಲ್ಲೂ ಹತ್ತಾರು ಊಟದ ಡಬ್ಬಿ. ಫುಟ್‌ಪಾತಿನ ಮೇಲೆ ಇಳಿಸಿದ್ದೇ ಬಿಡಿಸಿ ಹಂಚಿಕೊಳ್ಳುವುದು ಶುರು. ಇಂಥ ಬೀದಿಯವು ಇತ್ತ, ಇಂಥ ಕಟ್ಟಡದವು ಅತ್ತ. ಡಬ್ಬಿಯ ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ಅಕ್ಷರ, ಅಂಕಿಗಳೇ ವಿಳಾಸ. ಯಾವ ನಿಲ್ದಾಣದಲ್ಲಿ ಹತ್ತಿದ್ದು, ಎಲ್ಲಿ ಇಳಿಸಬೇಕು, ಯಾವ ಕಟ್ಟಡ, ಎಷ್ಟನೇ ಮಹಡಿ, ಎಲ್ಲ ಅದರಲ್ಲೇ. 1890ರಲ್ಲಿ ಮಹಾದೇವ ಹಾವಜಿ ಬಚ್ಚೆ ಎಂಬುವವರು ಶುರು ಮಾಡಿದ ಕಸುಬು ಇದು. ಇವರಲ್ಲಿ ಹೆಚ್ಚಿನವರ ಊರು ಪುಣೆ ಸೀಮೆಯ ಹಳ್ಳಿಗಳು. ಒಂದು ಕಾಲಕ್ಕೆ ಸುಮಾರು 5,000 ಮಂದಿ ಇದ್ದರು. ಕೊರೊನಾದಲ್ಲಿ ಆಫೀಸುಗಳು ಮುಚ್ಚಿದ ಮೇಲೆ ಆ ಸಂಖ್ಯೆ ಬಹಳ ಇಳಿಯಿತು. 2003ರಲ್ಲಿ ಬ್ರಿಟನ್ನಿನ ಯುವರಾಜ ಚಾರ್ಲ್ಸ್ ಇವರನ್ನು ನೋಡಲು ಇದೇ ಚರ್ಚ್‌ಗೇಟಿಗೆ ಬಂದಿದ್ದರು.

ಅಣ್ಣನ ಮಗ ಬಾಯಿ ಬಿಡಲಿಲ್ಲ. ಒಬ್ಬರು ಬಗ್ಗಿ ಡಬ್ಬಿ ಜೋಡಿಸುತ್ತಿದ್ದಾಗ ಹತ್ತಿರ ಹೋಗಿ ಮುಚ್ಚಳದ ಗುರುತುಗಳನ್ನು ನೋಡಿದ. ನಿನ್ನೆ ಅವನು ಚಿಹ್ನೆಗೆ ಚಿಹ್ನೆ ತಾಳೆ ನೋಡಿಯೇ ಅಂಗಡಿ ಹುಡುಕಿದ್ದು. ಆಮೇಲೆ ತಿರುಗಿ ಬಂದು, "ಅತ್ತೆ, ಇವರು ಸಹಿನೇ ಹಾಕಿಸಿಕೊಳ್ಳಲ್ಲ," ಎಂದ. ದೂರೋ ಮೆಚ್ಚುಗೆಯೋ ತಿಳಿಯಲಿಲ್ಲ. ಅಷ್ಟರಲ್ಲಿ ಆ ಮನುಷ್ಯ ಇನ್ನೊಬ್ಬರ ನೆರವಿನಿಂದ ತಟ್ಟೆ ತಲೆಗೇರಿಸಿ, ಸಿಗ್ನಲ್ಲು ಗಿಗ್ನಲ್ಲು ನೋಡದೆ ರಸ್ತೆ ದಾಟಿಯಾಗಿತ್ತು. ದಾರಿಗೆ ಅಡ್ಡ ನಿಂತ ನಮ್ಮಂಥವರಿಗೆ ಮರಾಠಿಯಲ್ಲಿ ಸಿಕ್ಕಿದ್ದು ಹೊಗಳಿಕೆಯಂತೂ ಅಲ್ಲ.

ಅಲ್ಲಿಂದ ಫೋರ್ಟಿನ ಸರ್ ಪಿ. ಎಂ. ರಸ್ತೆಗೆ ನಡೆದೆವು. ರಿಸರ್ವ್ ಬ್ಯಾಂಕಿನ ಹಣದ ಸಂಗ್ರಹಾಲಯ ಇರುವುದು ಅಲ್ಲಿ, ಅಮರ್ ಬಿಲ್ಡಿಂಗಿನಲ್ಲಿ. 2004ರಲ್ಲಿ ಅಬ್ದುಲ್ ಕಲಾಂ ಉದ್ಘಾಟಿಸಿದ್ದು. ಮುಂಬೈಗೆ ಬರುವ ಕನ್ನಡಿಗರ ಪಟ್ಟಿಯಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ, ಆದರೆ ಕಿಡ್ಜೇನಿಯಾ ನೋಡಿದ ಮಾರನೆಯ ದಿನ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಕ್ರಿಸ್ತಪೂರ್ವದ ಮುದ್ರೆಯೊತ್ತಿದ ನಾಣ್ಯಗಳಿಂದ ಶುರುವಾಗಿ ಹಳೆಯ ವ್ಯಾಪಾರಿಗಳ ಹುಂಡಿ ಪತ್ರ, ಚೆಕ್ಕು, ರಾಣಿ ರಾಜರ ಚಿತ್ರದ ನೋಟುಗಳವರೆಗೆ ಎಲ್ಲ ಜೋಡಿಸಿಟ್ಟಿದ್ದಾರೆ. ನೋಟು ಅಚ್ಚು ಮಾಡುವ ಹಕ್ಕನ್ನು ಸರ್ಕಾರ ತನ್ನ ಕೈಗೆ ತೆಗೆದುಕೊಂಡದ್ದು 1861ರ ಕಾಯ್ದೆಯಿಂದ. ಅದಕ್ಕೆ ಮೊದಲು ಬ್ಯಾಂಕುಗಳು ತಮ್ಮತಮ್ಮವೇ ನೋಟು ಹೊರಡಿಸುತ್ತಿದ್ದವು. ರಿಸರ್ವ್ ಬ್ಯಾಂಕ್ ಶುರುವಾದದ್ದು 1935ರಲ್ಲಿ, ಅದರ ಮೊದಲ ನೋಟು 1938ರ ಐದು ರೂಪಾಯಿಯದು, ಆರನೇ ಜಾರ್ಜ್ ಚಿತ್ರದ್ದು.

ಮಗಳಿಗೆ ಹಿಡಿಸಿದ್ದು ಬ್ಯಾಂಕುಗಳು ತಮ್ಮವೇ ನೋಟು ಮಾಡುತ್ತಿದ್ದ ಸಂಗತಿ. "ಹಾಗಾದ್ರೆ ಕಿಡ್ಜೋ ಆಗ ನಿಜವಾದ ದುಡ್ಡೇ ಆಗಿರ್ತಿತ್ತಾ?" ಎಂದಳು. ಯಾರಾದರೂ ನಂಬಿ ತೆಗೆದುಕೊಂಡಿದ್ದರೆ ಆಗಿರುತ್ತಿತ್ತು ಎಂದೆ. ಆಮೇಲೆ ನನ್ನ ಪರ್ಸಿನಿಂದ ನೂರರ ನೋಟು ತೆಗೆಸಿ ಹಿಂದುಮುಂದು ಪರೀಕ್ಷಿಸಿದಳು. ಭಾಷೆಗಳ ಪಟ್ಟಿಯಲ್ಲಿ ಕನ್ನಡ ಮೇಲಿನಿಂದ ನಾಲ್ಕನೆಯದು. ಮುಂದೆ ಗವರ್ನರ್ ಬರೆದುಕೊಟ್ಟ ವಚನ, ಕೆಳಗೆ ಅವರ ಸಹಿ. ಒಂದು ರೂಪಾಯಿ ನೋಟಿನ ಮೇಲೆ ಮಾತ್ರ ಹಣಕಾಸು ಕಾರ್ಯದರ್ಶಿಯ ಸಹಿ ಇರುತ್ತದೆ, ಅದನ್ನು ಹೊರಡಿಸುವುದು ಬ್ಯಾಂಕಲ್ಲ, ಸರ್ಕಾರ. ಅಮ್ಮ ಸುಮ್ಮನಿರಲಾರದೆ, "ನೋಟು ಅಚ್ಚಾಗೋದು ನಮ್ಮ ಮೈಸೂರಲ್ಲೂ ಗೊತ್ತಾ? ಮೇಟಗಳ್ಳಿ ಕಡೆ ದೊಡ್ಡ ಕಾಂಪೌಂಡು," ಎಂದು ಪಕ್ಕದಲ್ಲಿದ್ದ ಗುಜರಾತಿ ಕುಟುಂಬಕ್ಕೂ ಕೇಳಿಸುವಂತೆ ಹೇಳಿದರು.

ಅಣ್ಣನ ಮಗ ಜೇಬಿನಿಂದ, ಬ್ಯಾಂಕಿಗೆ ಹಾಕದೆ ಉಳಿಸಿಕೊಂಡಿದ್ದ ಒಂದು ಕಿಡ್ಜೋ ತೆಗೆದು ಅಲ್ಲಿಯ ಕಾವಲುಗಾರರಿಗೆ ತೋರಿಸಿದ. ಅವರು ಅದನ್ನು ಬೆಳಕಿಗೆ ಹಿಡಿದು, ನೀರ್ಗುರುತು ಹುಡುಕುವವರಂತೆ ನೋಡಿ, ಗಂಭೀರವಾಗಿ ವಾಪಸ್ ಕೊಟ್ಟರು. "ಅಸಲಿ ಹೈ." ಅವರ ಸಂಬಳ ಎಷ್ಟೋ ಗೊತ್ತಿಲ್ಲ, ಸಾಲದು ಎಂದು ಮಾತ್ರ ಹೇಳಬಲ್ಲೆ.

ಶನಿವಾರ

ಬೆಳಿಗ್ಗೆ ಎಂಟರ ಸುಮಾರಿಗೆ ಸಿಎಸ್‌ಎಂಟಿಯಿಂದ ಉದ್ಯಾನ್ ಹೊರಡುತ್ತದೆ. ಚಿಕ್ಕಮ್ಮ ಕಟ್ಟಿಕೊಟ್ಟ ಬುತ್ತಿ ಸ್ಟೀಲಿನ ಡಬ್ಬಿಗಳಲ್ಲಿತ್ತು. ಅಣ್ಣನ ಮಗ ಮಗಳ ಸ್ಕೆಚ್ ಪೆನ್ ಕಸಿದು ಮುಚ್ಚಳಗಳ ಮೇಲೆಲ್ಲ ಬರ್ತ್ ನಂಬರು ಬರೆದ. ಊಟದ ಹೊತ್ತಿಗೆ ನಾವ್ಯಾರೂ ಡಬ್ಬಿ ಮುಟ್ಟುವಂತಿರಲಿಲ್ಲ. ಅವನೇ ಒಂದೊಂದಾಗಿ ತಂದುಕೊಟ್ಟ. ಸೈಡ್ ಬರ್ತಿನ ಸೊಲ್ಲಾಪುರದ ಅಜ್ಜನಿಗೂ ಒಂದು ಚಪಾತಿ ಸುರುಳಿ ಮುಟ್ಟಿತು. ಅವರು ಸಹಿ ಮಾಡಲು ಕೈ ಚಾಚಿದರೆ, "ಬೇಡ, ಡಬ್ಬಾದವರು ಸಹಿ ಹಾಕಿಸಿಕೊಳ್ಳಲ್ಲ," ಎಂದ.

ಪುಣೆ ದಾಟಿದ ಮೇಲೆ ಟಿಟಿಇ ಬಂದರು. ಕರಿಕೋಟು, ಎದೆಯ ಮೇಲೆ ಹೆಸರಿನ ಪಟ್ಟಿ, ಕೈಯಲ್ಲಿ ಸಣ್ಣ ಯಂತ್ರ. ಇವನು ಅವರನ್ನು ತಲೆಯಿಂದ ಕಾಲಿನವರೆಗೆ ಅಳೆದು ನೋಡಿ, "ನಿಮಗೆ ಎಷ್ಟು ಕಿಡ್ಜೋ ಕೊಡ್ತಾರೆ?" ಎಂದು ಕನ್ನಡದಲ್ಲೇ ಕೇಳಿದ. ಮಗಳು ಹಿಂದಿಯಲ್ಲಿ ಅದಕ್ಕೊಂದು ದೊಡ್ಡ ವಿವರಣೆ ಕೊಟ್ಟಳು. ಆತ ನಗುತ್ತ, ಇಲ್ಲಿ ಬೆಳಗಿನಿಂದ ಸಂಜೆವರೆಗೆ ನಿಂತೇ ಇರಬೇಕು, ಟೋಪಿಯೂ ಕೊಡುವುದಿಲ್ಲ, ಎಲ್ಲರೂ ಜಗಳಕ್ಕೆ ಬರುತ್ತಾರೆ ಎಂದರು. ಮಗಳು ಅದನ್ನು ಕನ್ನಡಕ್ಕೆ ತಿರುಗಿಸಿದಳು.

ಅಣ್ಣನ ಮಗ ಸ್ವಲ್ಪ ಹೊತ್ತು ಯೋಚಿಸಿ, "ಟೋಪೀನೂ ಇಲ್ವಾ?" ಎಂದ. ಖಾಲಿ ಡಬ್ಬಿಗಳನ್ನು ಎಣಿಸಿಕೊಂಡು ಹೋಗಲು ಸೈಡ್ ಬರ್ತಿನ ಕಡೆ ಹೊರಟ.